ಎರಡನೆಯ ಪ್ರತಿ ಯಾರ ಮನೆಯಲ್ಲಿ

ಆಯುಧ ಪೂಜೆ ಮುಗಿದ ವಾರ ನನಗೆ ಸುಗ್ಗಿ. ಹಲಸೂರಿನ ನನ್ನ ಪುಟ್ಟ ರಿಪೇರಿ ಅಂಗಡಿಗೆ ಆ ವಾರ ಬರುವ ಕಂಪ್ಯೂಟರುಗಳೆಲ್ಲ ಹಣೆಗೆ ವಿಭೂತಿ, ಕುಂಕುಮ ಇಟ್ಟುಕೊಂಡೇ ಬರುತ್ತವೆ. ಕೀಬೋರ್ಡಿನ ಸಂದಿಯಲ್ಲಿ ಅರಿಶಿನ, ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ಸೇವಂತಿಗೆ ಎಸಳು, ಒಮ್ಮೆಯಂತೂ ಸಿಡಿ ಹಾಕುವ ತಟ್ಟೆಯೊಳಗೆ ಕರ್ಪೂರ. ವರ್ಷವಿಡೀ ಒಂದು ಬಟ್ಟೆ ತೆಗೆದುಕೊಂಡು ಒರೆಸದ ಜನ ಆ ಒಂದು ದಿನ ಮಿಷಿನ್ನಿಗೆ ಅಭಿಷೇಕ ಮಾಡಲು ಹೊರಡುತ್ತಾರೆ. ನಾನು ಬೈಯುತ್ತೇನೆ, ಅವರು ನಗುತ್ತಾರೆ, ಮುಂದಿನ ವರ್ಷ ಮತ್ತೆ ಅದೇ ಕಥೆ. ನನ್ನ ಸ್ಕ್ರೂಡ್ರೈವರಿಗೆ ನಾನೂ ಕುಂಕುಮ ಇಡುತ್ತೇನೆ, ಅದು ಬೇರೆ ಮಾತು.

ಈ ಸಲ ಫೋನ್ ಬಂದದ್ದು ಕೆ.ಆರ್. ಪುರದ ಹತ್ತಿರದ ಹಳೆಯ ಊರಿನಿಂದ. ಆ ಮನೆಗೆ ವರ್ಷಕ್ಕೊಮ್ಮೆ ಹೋಗಿ ಕಂಪ್ಯೂಟರಿನ ಧೂಳು ತೆಗೆದು, ಬೇಡದ್ದನ್ನು ಅಳಿಸಿ, ಎಲ್ಲ ಸರಿಯಿದೆಯೇ ನೋಡಿ ಬರುವುದು ನನ್ನ ರೂಢಿ. ಒಂದು ಕಾಲಕ್ಕೆ ದ್ರಾಕ್ಷಿ, ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಆ ನೆಲದ ಮೇಲೆ ಬಾಡಿಗೆ ಮನೆಗಳು ಎದ್ದಿವೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಆಕೆ ಊರಿನ ಹೆಣ್ಣುಮಕ್ಕಳಿಗೆ ಬ್ಲೌಸ್ ಹೊಲಿಯುವುದನ್ನು ಕಲಿಸುತ್ತಾರೆ. ಊರವರಂತೆ ನಾನೂ ಹೊಲಿಗೆ ಮೇಡಂ ಎನ್ನುತ್ತೇನೆ. ಅವರ ಗಂಡ, ಊರವರ ಬಾಯಲ್ಲಿ ಯಜಮಾನರು, ಕ್ಯಾಮೆರಾ ಹುಚ್ಚಿನ ಮನುಷ್ಯ. ಕಣ್ಣಿಗೆ ಬಿದ್ದದ್ದನ್ನೆಲ್ಲ ಹಿಡಿದಿಡುವ ಜಾತಿ.

ಕಂಪ್ಯೂಟರ್ ಆನ್ ಆಗುತ್ತಿಲ್ಲ, ಬ್ಯಾಕಪ್ ಡಿಸ್ಕ್ ಕಟ ಕಟ ಎನ್ನುತ್ತಿದೆ ಎಂದು ಯಜಮಾನರು ಫೋನಿನಲ್ಲಿ ಹೇಳಿದರು. ಡಿಸ್ಕನ್ನು ಮುಟ್ಟಬೇಡಿ, ನಾನು ಬರುವವರೆಗೆ ವೈರ್ ಕೂಡ ಚುಚ್ಚಬೇಡಿ ಎಂದೆ. ಆಗಲೇ ಬೆಳಗಿನಿಂದ ಚುಚ್ಚಿ ತೆಗೆದು, ಚುಚ್ಚಿ ತೆಗೆದು ನೋಡಿದ್ದರಂತೆ. ಉಪಕರಣದ ಚೀಲ ಹೆಗಲಿಗೇರಿಸಿ ಮೆಟ್ರೊ ಹತ್ತಿದೆ.

ನಡೆದದ್ದು ಇಷ್ಟು. ಪೂಜೆಯ ದಿನ ಯಜಮಾನರು ಸಿಪಿಯು ಡಬ್ಬದ ಪಕ್ಕದ ಮುಚ್ಚಳವನ್ನೇ ಬಿಚ್ಚಿ ಒಳಗೆ ಕುಂಕುಮದ ನೀರು ಪ್ರೋಕ್ಷಣೆ ಮಾಡಿದ್ದರು. ಯಾಕೆ ಸ್ವಾಮಿ ಹೀಗೆ ಮಾಡಿದಿರಿ ಎಂದರೆ, ನನ್ನನ್ನೂ ಮೇಡಂ ಎಂದೇ ಕರೆಯುವ ಅವರ ಬಳಿ ಉತ್ತರ ಸಿದ್ಧವಿತ್ತು.

"ಕೆಲ್ಸ ಮಾಡೋದು ಒಳಗಿರೋದು ತಾನೇ ಮೇಡಂ? ಹೊರಗಿನ ತಗಡಿಗೆ ಪೂಜೆ ಮಾಡಿದ್ರೆ ಏನ್ ಬಂತು?"

ತರ್ಕಕ್ಕೆ ತರ್ಕ ಸರಿಯಾಗಿಯೇ ಇತ್ತು. ಆಮೇಲೆ ಡಬ್ಬದ ಮೇಲೆ ಬ್ಯಾಕಪ್ ಡಿಸ್ಕನ್ನು ಇಟ್ಟು, ತಾಯಿ ಮಗುವನ್ನು ಸೇರಿಸಿ ಕಟ್ಟಿದ ಹಾಗೆ ಎರಡಕ್ಕೂ ಒಂದೇ ಹಾರ ಸುತ್ತಿದ್ದರು. ಪೂಜೆ ಮಾಡಿದ ಆಯುಧವನ್ನು ಅಂದು ಮುಟ್ಟಬಾರದು ಎಂಬ ಶಾಸ್ತ್ರವನ್ನೂ ಪಾಲಿಸಿದ್ದರು. ವಿಜಯದಶಮಿಯ ಬೆಳಿಗ್ಗೆ ಬಾಡಿದ ಹಾರವನ್ನು ಜಗ್ಗಿ ಎಳೆದಾಗ ಡಿಸ್ಕೂ ಜೊತೆಗೆ ಬಂದು ಮೊಸಾಯಿಕ್ ನೆಲಕ್ಕೆ ಬಿತ್ತು.

ಕಂಪ್ಯೂಟರಿನ ಗಾಯ ಸಣ್ಣದು. ನೀರು ಹೋಗಿದ್ದ ಪವರ್ ಸಪ್ಲೈ ಸುಟ್ಟಿತ್ತು, ಮಿಕ್ಕದ್ದು ಉಳಿದಿತ್ತು. ಶಿವಾಜಿನಗರದ ಹಳೆಯ ಸಾಮಾನಿನ ಗಲ್ಲಿಯಲ್ಲಿ ನನಗೆ ಗೊತ್ತಿರುವ ಒಬ್ಬರು ಕಳಚಿದ ಕಂಪ್ಯೂಟರಿನ ಭಾಗಗಳನ್ನು ಪರೀಕ್ಷಿಸಿ ಇಟ್ಟಿರುತ್ತಾರೆ. ಅಲ್ಲಿಂದ ತಂದ ಇನ್ನೊಂದನ್ನು ಮಾರನೆಯ ದಿನ ಹಾಕಿದೆ. ಪರದೆ ಬೆಳಗಿತು. ಯಜಮಾನರು ಕೈ ಮುಗಿದೇಬಿಟ್ಟರು. ಹಾಗಾದರೆ ಡಿಸ್ಕ್ ಹೋದರೂ ಚಿಂತೆಯಿಲ್ಲ, ಅದರಲ್ಲಿರುವುದೆಲ್ಲ ಇದರಲ್ಲಿ ಇದೆಯಲ್ಲ ಎಂದು ನಾನು ಕೇಳಿದೆ. ಆಗ ಅವರ ಮುಖ ಸಣ್ಣಗಾಯಿತು.

"ಇದ್ರಲ್ಲಿ ಜಾಗ ಇರ್ಲಿಲ್ಲ ಅಂತ ಎಲ್ಲಾ ಬ್ಯಾಕಪ್‌ಗೆ ಹಾಕ್ಬಿಟ್ಟು, ಇಲ್ಲಿಂದ ತೆಗೆದ್ಬಿಟ್ಟೆ."

ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಬ್ಯಾಕಪ್ ಎಂದರೆ ಇನ್ನೊಂದು ಪ್ರತಿ. ಇದ್ದೊಂದು ಪ್ರತಿಯನ್ನು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಎತ್ತಿಟ್ಟರೆ ಅದು ಬರೀ ಸಾಮಾನು ಸಾಗಣೆ. ಪ್ರತಿ ವರ್ಷ ಬ್ಯಾಕಪ್ ಇದೆಯೇ ಎಂದು ಕೇಳಿದಾಗಲೆಲ್ಲ ಅವರು ಡಿಸ್ಕನ್ನು ಎತ್ತಿ ತೋರಿಸಿ ಇದೆ ಎನ್ನುತ್ತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಹೊಲಿಗೆ ಮೇಡಂ ಮುಖ ಕಂಡಿತು. ಗಾದೆಯನ್ನು ನುಂಗಿಕೊಂಡೆ.

ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಹೊರಟಾಗ ಆಕೆ ಮೆಟ್ರೊ ಸ್ಟೇಷನ್ನಿನವರೆಗೆ ಜೊತೆಗೆ ಬಂದರು. ಮೊದಲೆಲ್ಲ ನನಗೆ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದವರು, ಅಂದು ದಾರಿಯುದ್ದಕ್ಕೂ ಮಾತಾಡಿದರು. ಅದರಲ್ಲಿ 'ಪುಟ್ಟಿ' ಅಂತ ಒಂದು ಫೋಲ್ಡರ್ ಇದೆ, ಅದು ಸಿಗಬಹುದೇ ಎಂದು ಕೇಳಿದರು. ಪುಟ್ಟಿ ಅವರ ತಮ್ಮನ ಮಗಳು. ಹೆರಿಗೆಯ ನಂತರ ತಮ್ಮನ ಹೆಂಡತಿ ಕಾಯಿಲೆ ಬಿದ್ದು ಆಸ್ಪತ್ರೆ, ಮನೆ ಎಂದು ಓಡಾಟವಾದಾಗ ಹಸುಗೂಸನ್ನು ಇವರ ಮಡಿಲಿಗೆ ತಂದು ಹಾಕಿದ್ದರು. ಇವರಿಗೆ ಮಕ್ಕಳಿರಲಿಲ್ಲ. ಮಗು ಇಲ್ಲೇ ತೆವಳಿತು, ಇಲ್ಲೇ ನಡೆಯಿತು, ಮಾತು ಕಲಿಯಿತು. ತಾಯಿ ಪೂರ್ತಿ ಗುಣವಾದ ಮೇಲೆ, ಸ್ಕೂಲಿಗೆ ಸೇರಿಸುವ ಹೊತ್ತಿಗೆ, ಇಂದಿರಾನಗರಕ್ಕೆ ವಾಪಸು ಕರೆದುಕೊಂಡು ಹೋದರು.

"ಅವ್ರ ಮಗು, ಅವ್ರು ಕರ್ಕೊಂಡ್ ಹೋದ್ರು. ಅದ್ರಲ್ಲಿ ತಪ್ಪೇನಿದೆ ಹೇಳಿ," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ಅವಾಗ ಅವಳು ನನ್ನನ್ನ ಅಮ್ಮ ಅಂತಿದ್ಲು. ಈಗ ಅದು ಆ ಡಿಸ್ಕಲ್ಲಿ ಮಾತ್ರ ಇದೆ," ಎಂದರು.

ಈಗ ಆ ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಹಬ್ಬಕ್ಕೆ ಬರುತ್ತಾಳೆ, ಅತ್ತೆ ಎಂದು ಕರೆಯುತ್ತಾಳೆ, ಕಾಲಿಗೆ ಬೀಳುತ್ತಾಳೆ, ಊಟ ಮಾಡಿ ಹೋಗುತ್ತಾಳೆ. ಇಲ್ಲಿದ್ದ ದಿನಗಳು ಅವಳಿಗೆ ನೆನಪೇ ಇಲ್ಲವಂತೆ. ಇವರೂ ಹೇಳಿಲ್ಲ. ಮಧ್ಯಾಹ್ನ ಹೊಲಿಗೆ ಕಲಿಯುವವರು ಹೋದ ಮೇಲೆ ಒಬ್ಬರೇ ಕೂತು ಆ ವಿಡಿಯೊ ನೋಡುವುದು ಇವರ ಅಭ್ಯಾಸವಾಗಿತ್ತು. ಡಿಸ್ಕಿನ ಸೀಲ್ ತೆಗೆದು ಒಳಗಿನ ಭಾಗವನ್ನೇ ಬದಲಿಸುವ ಲ್ಯಾಬುಗಳಿವೆ, ಅಲ್ಲಿಗೆ ಕಳಿಸುವುದೇ ಹೆಚ್ಚು ಸುರಕ್ಷಿತ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಗುರುತಿಲ್ಲದವರು ಅದನ್ನೆಲ್ಲ ನೋಡುವುದು ಬೇಡ, ಆದಷ್ಟು ನೀವೇ ಮಾಡಿ ಎಂದರು. ಮೆಟ್ರೊದಲ್ಲಿ ಆ ಟವೆಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದವಳು ಕೋಳಿಮರಿ ಇದೆಯೇನೋ ಎಂಬಂತೆ ಎರಡು ಸಲ ನೋಡಿದಳು.

ಅಂಗಡಿಯಲ್ಲಿ ಮೊದಲು ಮಾಡಿದ ಕೆಲಸ, ಏನೂ ಮಾಡದೆ ಕೂತು ಯೋಚಿಸಿದ್ದು. ಡಿಸ್ಕಿನ ಒಳಗೆ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಯಷ್ಟೂ ಅಂತರವಿಲ್ಲದೆ ಹಾರಾಡುವ ಓದುವ ಮೊನೆ. ಬಿದ್ದಾಗ ಆ ಮೊನೆ ತಟ್ಟೆಯನ್ನು ಗೀರಿರುತ್ತದೆ. ಕಟ ಕಟ ಎನ್ನುವುದು ಅದು ದಾರಿ ತಪ್ಪಿ ಮತ್ತೆ ಮತ್ತೆ ಹುಡುಕುವ ಸದ್ದು. ಪ್ರತಿ ಸಲ ಚಾಲೂ ಮಾಡಿದಾಗಲೂ ಗೀರು ಹೆಚ್ಚಾಗಬಹುದು. ಮುಚ್ಚಳ ತೆಗೆದು ನೋಡುವ ಹಾಗೂ ಇಲ್ಲ, ನಮ್ಮ ಹಲಸೂರಿನ ಧೂಳು ಒಂದು ಕಣ ಬಿದ್ದರೂ ಮುಗಿಯಿತು.

ಹೊರಗಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಡಿಸ್ಕನ್ನು ನೇರವಾಗಿ ನನ್ನ ಮಿಷಿನ್ನಿಗೆ ಜೋಡಿಸಿದೆ. ಮಿಷಿನ್ನನ್ನು ಪೆನ್‌ಡ್ರೈವಿನಿಂದ ಚಾಲೂ ಮಾಡಿದೆ, ಡಿಸ್ಕಿನ ಮೇಲೆ ಅದು ತನ್ನದೇನನ್ನೂ ಬರೆಯದಿರಲಿ ಎಂದು. ಟೇಬಲ್ ಫ್ಯಾನನ್ನು ಡಿಸ್ಕಿನ ಕಡೆಗೆ ತಿರುಗಿಸಿದೆ. ಫೈಲುಗಳನ್ನು ಒಂದೊಂದಾಗಿ ತೆರೆಯುವ ಪ್ರಶ್ನೆಯೇ ಇಲ್ಲ. ಡಿಸ್ಕಿನ ಮೊದಲಿನಿಂದ ತುಣುಕು ತುಣುಕಾಗಿ ಹೊಸ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಓದಲಾಗದ ತುಣುಕು ಸಿಕ್ಕರೆ ಅಲ್ಲೇ ಹಟ ಹಿಡಿಯದೆ ಮುಂದಕ್ಕೆ ಜಿಗಿಯಬೇಕು. ಅದಕ್ಕೆಂದೇ ಇರುವ ಪ್ರೋಗ್ರಾಮನ್ನು ಓಡಿಸಿ ಸ್ಟೂಲಿನ ಮೇಲೆ ಕೂತೆ. ಆ ದಿನ ಬೇರೆ ಗಿರಾಕಿಗಳಿಗೆಲ್ಲ ನಾಳೆ ಬನ್ನಿ ಎಂದೆ.

ಮೊದಲ ಭಾಗ ಸಲೀಸಾಗಿ ಇಳಿಯಿತು. ಫೋಲ್ಡರುಗಳ ಹೆಸರು ನೋಡಿದರೆ ಯಜಮಾನರ ತಿರುಪತಿ ಯಾತ್ರೆ, ಯಾರದೋ ಗೃಹಪ್ರವೇಶ, ಬಾಡಿಗೆ ಮನೆಗಳ ಪಾಯ ತೋಡಿದ ಫೋಟೊಗಳೇ ಎಲ್ಲ. ಊಟದ ಹೊತ್ತಿಗೆ ವೇಗ ಕುಸಿಯಿತು. ಕಟ, ಕಟ, ಆಮೇಲೆ ಮೌನ. ಡಿಸ್ಕ್ ನನ್ನ ಮಿಷಿನ್ನಿನ ಕಣ್ಣಿಗೆ ಕಾಣದಂತಾಯಿತು. ಕರೆಂಟ್ ತೆಗೆದು, ಅದು ತಣಿಯುವವರೆಗೆ ಕಾದು, ಮತ್ತೆ ಹಾಕಿದೆ. ಸ್ವಲ್ಪ ಓದಿ ಅದೇ ಜಾಗದಲ್ಲಿ ಮತ್ತೆ ಕಣ್ಮರೆ. ಮಾರನೆಯ ದಿನವೂ ಅದೇ ಹಾಡು. ಹಟ ಮಾಡುವ ಮಗುವಿಗೆ ತುತ್ತು ಕೊಟ್ಟ ಹಾಗೆ, ಪುಸಲಾಯಿಸಿದರೆ ಒಂದು ಚೂರು ಬರುತ್ತಿತ್ತು, ಒತ್ತಾಯಿಸಿದರೆ ಪೂರ್ತಿ ಬಾಯಿ ಮುಚ್ಚುತ್ತಿತ್ತು. ಪ್ರತಿ ಸಲ ಸದ್ದು ಮೊದಲಿಗಿಂತ ಒರಟಾಗುತ್ತಿದ್ದುದು ನನಗೆ ಕೇಳುತ್ತಿತ್ತು.

ಇಲ್ಲಿ ನಿರ್ಧಾರ ಮಾಡಲೇಬೇಕಾಯಿತು. ಹೀಗೆಯೇ ಮೊದಲಿನಿಂದ ಕೊನೆಗೆ ಹೋದರೆ ನಡುವಿನ ಆ ಗೀರಿನ ಮೇಲೆ ಮೊನೆ ಸತ್ತುಹೋಗುತ್ತದೆ, ಆಚೆಗಿರುವುದು ಏನೂ ಸಿಗುವುದಿಲ್ಲ. ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂದು ಹೇಳುವ ಪಟ್ಟಿ ಪುಣ್ಯಕ್ಕೆ ಇಳಿದಿತ್ತು. ಅದರ ಪ್ರಕಾರ ಪುಟ್ಟಿ ಫೋಲ್ಡರ್ ಇದ್ದದ್ದು ಗೀರಿನ ಆಚೆ, ಕೊನೆಯ ಕಡೆ. ಮಿಕ್ಕ ಫೋಟೊಗಳ ಆಸೆ ಬಿಟ್ಟು ಅಷ್ಟು ಭಾಗವನ್ನು ಮಾತ್ರ, ಅದೂ ಕೊನೆಯಿಂದ ಹಿಂದಕ್ಕೆ ಓದಿಸಿದರೆ, ಗೀರು ಎದುರಾಗುವ ಹೊತ್ತಿಗೆ ಬೇಕಾದದ್ದು ಕೈಗೆ ಬಂದಿರುತ್ತದೆ. ಆದರೆ ಯಾವುದನ್ನು ಬಿಡಬೇಕು ಎಂದು ಹೇಳುವುದು ನನ್ನ ಕೆಲಸವಲ್ಲ. ಫೋನ್ ಮಾಡಿದೆ. ಯಜಮಾನರು ಮೊದಲು ಅವರಪ್ಪನ ಫೋಟೊ, ಆಮೇಲೆ ಮದುವೆಯ ಆಲ್ಬಮ್ ಎಂದೆಲ್ಲ ಹೇಳುತ್ತ ಹೋದರು. ಎಲ್ಲವೂ ಆಗುವುದಿಲ್ಲ, ಒಂದು ಹೇಳಿ ಎಂದೆ. ಆಮೇಲೆ, "ಪುಟ್ಟಿದು ತೆಗೀರಿ ಮೇಡಂ. ಮಿಕ್ಕಿದ್ದು ಹೋದ್ರೆ ಹೋಗ್ಲಿ," ಎಂದರು. ಹೆಂಡತಿಯನ್ನು ಕೇಳಿ ಹೇಳಿದ್ದಲ್ಲ, ಅವರಾಗಿಯೇ ಹೇಳಿದ್ದು. ಮುಚ್ಚಳ ಬಿಚ್ಚಿ ಪ್ರೋಕ್ಷಣೆ ಮಾಡಿದ ಆ ಮನುಷ್ಯನನ್ನು ನಾನು ಆ ಗಳಿಗೆಯಲ್ಲಿ ಪೂರ್ತಿ ಕ್ಷಮಿಸಿದೆ.

ಹಿಂದಿನಿಂದ ಓದಿಸತೊಡಗಿದೆ. ನಿಧಾನವಾಗಿ, ತಣಿಸಿ ತಣಿಸಿ. ಆಚೆ ತುದಿ ಆಶ್ಚರ್ಯವೆನ್ನುವಷ್ಟು ಆರೋಗ್ಯವಾಗಿತ್ತು. ಗುರುವಾರ ಸಂಜೆಯ ಹೊತ್ತಿಗೆ ಫೋಲ್ಡರಿನ ಬಹುಪಾಲು ಹೊಸ ಡಿಸ್ಕಿಗೆ ಬಂದಿತ್ತು. ಕೆಲವು ವಿಡಿಯೊಗಳು ಮಾತ್ರ ನಡುವೆ ತುಂಡಾಗಿದ್ದವು. ಅವನ್ನೂ ಬಿಡಬಾರದೆಂದು ಶುಕ್ರವಾರ ಮತ್ತೊಮ್ಮೆ ಚಾಲೂ ಮಾಡಿದಾಗ ಡಿಸ್ಕಿನಿಂದ ಕರಕರ ಎಂಬ ಸದ್ದು ಬಂತು, ಅಷ್ಟೇ. ತೆಗೆದು ಬದಿಗಿಟ್ಟೆ.

ಸಿಕ್ಕಿತು ಎಂದು ಹೊಲಿಗೆ ಮೇಡಂಗೆ ಫೋನಿನಲ್ಲಿ ಹೇಳಿದೆ. ನಾನು ನನ್ನ ಪಾಠ ಶುರುಮಾಡಿದೆ. ಇನ್ನು ಮೇಲೆ ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ಪ್ರತಿ ಬೇರೆ ಮನೆಯಲ್ಲಿ ಇರಬೇಕು; ಒಂದೇ ಸೂರಿನಡಿ ಎರಡಿದ್ದರೆ ಬೆಂಕಿಗೂ ಕಳ್ಳನಿಗೂ ಯಜಮಾನರ ಪೂಜೆಗೂ ಎರಡೂ ಒಟ್ಟಿಗೆ ಸಿಗುತ್ತವೆ ಎಂದೆ. ಇಂಟರ್‌ನೆಟ್ಟಿನಲ್ಲಿ ಇಡುವುದು ಆಕೆಗೆ ಒಪ್ಪಿಗೆಯಿರಲಿಲ್ಲ. ಹಾಗಾದರೆ ನಂಬಿಕೆಯವರ ಮನೆ ಯಾವುದು? ಆಕೆಗೆ ಇದ್ದದ್ದು ಒಂದೇ, ತಮ್ಮನ ಮನೆ. ಆದರೆ ತಮ್ಮನ ಹೆಂಡತಿ ಅದನ್ನು ಹಾಕಿ ನೋಡಿದರೆ? ಹೆತ್ತವಳು ಹಾಸಿಗೆ ಹಿಡಿದಿದ್ದಾಗ ಮಗು ಇನ್ನೊಬ್ಬಳನ್ನು ಅಮ್ಮ ಎನ್ನುವುದನ್ನು ಕೇಳಿದರೆ ಆ ಜೀವಕ್ಕೆ ಹೇಗಾಗಬೇಡ ಎಂದರು. ಕೊನೆಗೆ ಒಂದು ದಾರಿ ಅವರೇ ಹೇಳಿದರು: ಪುಟ್ಟಿ ಅಮ್ಮ ಎನ್ನುವುದನ್ನೆಲ್ಲ ತೆಗೆದು, ಮಿಕ್ಕದ್ದನ್ನು ಮಾತ್ರ ಆ ಮನೆಯ ಪ್ರತಿಗೆ ಹಾಕಿ.

ಹಾಗೆ ವಿಂಗಡಿಸಬೇಕಾದರೆ ಎಲ್ಲವನ್ನೂ ಕೇಳಬೇಕು. ಗಿರಾಕಿಯ ಫೈಲುಗಳನ್ನು ನೋಡಬಾರದೆಂಬುದು ಈ ಕಸುಬಿನ ಮರ್ಯಾದೆ; ಆಕೆಯೇ ಕೇಳಿಕೊಂಡದ್ದರಿಂದ ಹೆಡ್‌ಫೋನ್ ಹಾಕಿಕೊಂಡು ಕೂತೆ. ಹೊಲಿಗೆ ಮಿಷಿನ್ನಿನ ಕೆಳಗೆ ಬಟ್ಟೆ ಚೂರು ಆಯುವ ಮಗು. ಯಜಮಾನರ ಹೆಗಲ ಮೇಲೆ ಕೂತು ಹಲಸೂರು ಕೆರೆಯ ದೋಣಿ ನೋಡುವ ಮಗು. ಜ್ವರ ಬಂದು ಮುಖ ಊದಿಸಿಕೊಂಡ ಮಗು. ಎಲ್ಲದರಲ್ಲೂ ಒಂದೇ ಕೂಗು, ಅಮ್ಮಾ, ಅಮ್ಮಾ. ಬಿದ್ದರೆ ಅಮ್ಮ, ಹಸಿದರೆ ಅಮ್ಮ, ಸುಮ್ಮನೆ ಕೂತಿದ್ದರೂ ಅಮ್ಮ. ಪ್ರತಿ ಸಲವೂ ಚಿತ್ರದ ಆಚೆಯಿಂದ ಹೊಲಿಗೆ ಮೇಡಂ ಅವರ ಎಳೆಯ ದನಿ ತಿದ್ದುತ್ತದೆ: ಅಮ್ಮ ಅಲ್ಲ ಪುಟ್ಟಿ, ಅತ್ತೆ ಅನ್ನು. ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಒಂದೇ ಒಂದು ಸಲವೂ ಆಕೆ ಆ ಕರೆಗೆ ಬಂದೆ ಎನ್ನಲಿಲ್ಲ.

ಕೊನೆಕೊನೆಯ ವಿಡಿಯೊಗಳಲ್ಲಿ ಮಗು ದೊಡ್ಡದಾಗಿದೆ, ಎರಡು ಜಡೆ ಹಾಕಿದೆ. ಒಂದರಲ್ಲಿ ದಾರದ ಉಂಡೆ ಹಿಡಿದು ಓಡಿಬರುತ್ತದೆ, ಅಮ್ ಎಂದು ಬಾಯಿ ತೆರೆದು, ನಿಂತು, ಯೋಚಿಸಿ, ಅತ್ತೆ ಎನ್ನುತ್ತದೆ. ಅಲ್ಲಿಂದ ಮುಂದೆ ಅತ್ತೆಯೇ. ಹೆಡ್‌ಫೋನ್ ತೆಗೆದಿಟ್ಟು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತೆ. ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳುವುದೇನಿದೆ. ಅಂದು ಮನೆಗೆ ಹೋದಾಗ ನನ್ನ ಮಗಳು ರೂಮಿನಿಂದ, ಅಮ್ಮಾ ಚಾರ್ಜರ್ ಎಲ್ಲಿ ಎಂದು ಕೂಗಿದಳು. ದಿನಾ ಆದರೆ ನಿನ್ನ ತಲೆ ಮೇಲಿದೆ ಎನ್ನುತ್ತಿದ್ದೆ. ಅಂದು ಎದ್ದು ಹುಡುಕಿ ಕೊಟ್ಟೆ.

ಎರಡು ಹೊಸ ಡಿಸ್ಕುಗಳನ್ನು ಹಿಡಿದು ಭಾನುವಾರ ಬೆಳಿಗ್ಗೆ ಆ ಮನೆಗೆ ಹೋದೆ. ಒಂದರಲ್ಲಿ ಸಿಕ್ಕಿದ್ದೆಲ್ಲವೂ ಇತ್ತು. ಎರಡನೆಯದು ಇನ್ನೂ ಖಾಲಿ. ಅಮ್ಮ ಎನ್ನುವುದನ್ನೆಲ್ಲ ತೆಗೆದರೆ ಉಳಿಯುವುದು ಎರಡು ಜಡೆಯ ಆ ಕೆಲವೇ ವಿಡಿಯೊಗಳು ಎಂದು ಹೇಳಿದೆ. ಆಕೆ ಅಷ್ಟೇನಾ ಎಂದರು. ಯಜಮಾನರು ಕಿಟಕಿಯ ಕಡೆ ನೋಡುತ್ತ ನಿಂತರು. ಆಗಿನಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ: ಯಾಕೆ ಅಷ್ಟೊಂದು ತಿದ್ದಿದಿರಿ?

"ಹೋಗೋ ಮಗು ಮೇಡಂ ಅದು," ಎಂದರು. "ಅಲ್ಲಿಗೆ ಹೋಗಿ ಅವ್ರಮ್ಮನ್ನ ಅಮ್ಮ ಅನ್ನೋಕೆ ಕಷ್ಟ ಆಗ್ಬಾರ್ದಲ್ಲ. ನಾನ್ ಒಂದ್ಸಲ ಓ ಅಂದಿದ್ರೆ ಬಿಡಿಸೋಕೆ ಆಗ್ತಿರ್ಲಿಲ್ಲ. ಅವಳಿಗಲ್ಲ, ನನಗೆ."

ಪ್ರತಿಯನ್ನು ಗಿರಾಕಿಯೇ ತೆರೆದು, ಸರಿಯಿದೆ ಎಂದ ಮೇಲೆಯೇ ನಾನು ಹೊರಡುವುದು. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಮೌಸನ್ನು ಆಕೆಯ ಕಡೆ ಸರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಮೊದಲು ಕೊನೆಯದನ್ನು ಒತ್ತಿದರು. ಎರಡು ಜಡೆಯ ಹುಡುಗಿ ಅತ್ತೆ ಎಂದಳು. ಎಷ್ಟು ಚೆನ್ನಾಗಿ ಕಲಿತುಬಿಟ್ಟಳು ನೋಡಿ ಎಂದು ನಕ್ಕರು. ಆಮೇಲೆ ಮೇಲಕ್ಕೆ ಹೋಗಿ ಹಳೆಯದೊಂದನ್ನು ಒತ್ತಿದರು. ಹೊಲಿಗೆ ಮಿಷಿನ್ನಿನ ಕಾಲು, ಬಟ್ಟೆ ಚೂರುಗಳ ರಾಶಿ, ಅದರ ನಡುವೆ ಮಗು.

"ಅಮ್ಮಾ."

ಅಮ್ಮ ಅಲ್ಲ ಪುಟ್ಟಿ, ಅತ್ತೆ ಅನ್ನು ಎಂದಿತು ಪರದೆಯೊಳಗಿನ ದನಿ.

"ಅಮ್ಮಾ," ಎಂದಿತು ಮಗು ಮತ್ತೆ, ಹಟದಿಂದ.

ಕುರ್ಚಿಯಲ್ಲಿ ಕೂತಿದ್ದ ಹೊಲಿಗೆ ಮೇಡಂ, "ಓ," ಎಂದರು. ಬಹಳ ಮೆಲ್ಲಗೆ. ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಕಿಟಕಿಯ ಬಳಿಯಿದ್ದ ಯಜಮಾನರಿಗೂ ಕೇಳಿಸಿತು. ಅವರು ತಿರುಗಲಿಲ್ಲ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

ವಿಡಿಯೊ ಮುಗಿದ ಮೇಲೆ ಆಕೆ ಖಾಲಿ ಡಿಸ್ಕನ್ನು ನನ್ನ ಮುಂದೆ ಇಟ್ಟರು.

"ಏನೂ ತೆಗೀಬೇಡಿ. ಎಲ್ಲಾ ಹಾಕಿ. ತಮ್ಮನ ಮನೆಗೆ ಬೇಡ, ಪುಟ್ಟಿ ಕೈಗೇ ಕೊಡಿ."

ಪ್ರತಿ ಮಾಡಲು ಹಾಕಿ ಕಾದೆ. ಎಲ್ಲ ಇಳಿದ ಮೇಲೆ ಆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಇಂದಿರಾನಗರದ ಹುಡುಗಿಯ ನಂಬರ್ ಬರೆದುಕೊಂಡು, ಚೀಲ ಕಟ್ಟಿದೆ. ಯಜಮಾನರು ಗೇಟಿನವರೆಗೆ ಬರುತ್ತೇನೆಂದು ಮುಂದೆ ನಡೆದರು. ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗೆ ಮಗು ಮತ್ತೆ ಅಮ್ಮಾ ಎಂದು ಕರೆಯಿತು. ಹೊಲಿಗೆ ಮೇಡಂ ಮತ್ತೆ ಓಗೊಟ್ಟರು, ಈ ಸಲ ಗಟ್ಟಿಯಾಗಿ.